ಥರ್ಮಾಮೀಟರ್ ಇದ್ದರೂ ಎಲೆ ಮುಟ್ಟುವುದೇಕೆ?

ಪ್ರಶ್ನೆ: ಹೊಸದಾಗಿ ಹೊಗೆಸೊಪ್ಪು ಬೆಳೆಯುತ್ತಿದ್ದೇನೆ. ಎಲೆ ಒಣಗಿಸಿ ಹದ ಮಾಡುವ ಬ್ಯಾರನ್‌ನಲ್ಲಿ ಥರ್ಮಾಮೀಟರ್ ಇದ್ದರೂ ಹಿರಿಯರು ಎಲೆ ಮುಟ್ಟಿ ನೋಡುವುದೇಕೆ?

ಉತ್ತರ: ಥರ್ಮಾಮೀಟರ್‌ಗೆ ಗೊತ್ತಾಗುವುದು ಕೋಣೆಯ ಕಾವು ಮಾತ್ರ, ಎಲೆಯ ಹದವಲ್ಲ. ಮೊದಲು ಸುಮಾರು 35–38 ಡಿಗ್ರಿ ಸೆಲ್ಸಿಯಸ್‌ನ ಹಸಿ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಅದರ ಪಿಷ್ಟ ಸಕ್ಕರೆಯಾಗುವುದು ಆಗಲೇ. ಆತುರಪಟ್ಟು ಬೆಂಕಿ ಏರಿಸಿದರೆ ಹಸಿರು ಹಾಗೇ ಉಳಿದುಬಿಡುತ್ತದೆ, ಮತ್ತೆ ತಿದ್ದಲಾಗದು. ಹಳದಿಯಾದ ಮೇಲೆ ಗಾಳಿಕಿಂಡಿ ತೆರೆಯುವುದು ತಡವಾದರೆ ಎಲೆ ಕಂದಾಗುತ್ತದೆ. ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ನಡುದಂಟು ಒಣಗಿ, ಬಾಗಿಸಿದರೆ ಲಟ್ಟನೆ ಮುರಿಯಬೇಕು. ಮಳೆಯಲ್ಲಿ ಕೊಯ್ದ ಸೊಪ್ಪಿನ ಹದವೇ ಬೇರೆ, ಬಿಸಿಲಿನದೇ ಬೇರೆ. ಹಾಗಾಗಿ ಹುಣಸೂರು, ಪಿರಿಯಾಪಟ್ಟಣದ ಪಳಗಿದ ಕೈಗಳೂ ಪ್ರತಿ ಸಲ ಮುಟ್ಟಿಯೇ ನಿರ್ಧರಿಸುತ್ತವೆ. ಪುಸ್ತಕ ಓದಿ ಈ ಪಳಗು ಬರುವುದಿಲ್ಲ. ಈ ಹಂಗಾಮಿನಲ್ಲಿ ಅನುಭವಿಯೊಬ್ಬರ ಬ್ಯಾರನ್‌ನಲ್ಲಿ ರಾತ್ರಿ ಒಲೆ ಕಾಯಲು ಕೂರಿ. ಕಾವು ಏರಿಸಿದ ಹೊತ್ತು, ಎಲೆಯ ಬಣ್ಣ ಎರಡನ್ನೂ ಬರೆದಿಡಿ.