ಚೀಲದ ಮೇಲೆ ಊರಿನ ಹೆಸರು

ಬೆರಕೆ ಮಾಡದೆ ಒಂದೇ ಸೀಮೆಯ ಕಾಫಿಯನ್ನು ಆ ಸೀಮೆಯ ಹೆಸರಿನಲ್ಲೇ ಮಾರುವ ಪದ್ಧತಿ ಈಚೆಗೆ ಹೆಚ್ಚಿದೆ. ಅದರೊಡನೆ ‘ಫೇರ್‌ಟ್ರೇಡ್’, ಅಂದರೆ ನ್ಯಾಯಬೆಲೆಯ ವ್ಯಾಪಾರ, ಎಂಬ ಗುರುತೂ ಕಾಣುತ್ತಿದೆ. ನಮ್ಮ ರೇಷನ್ ಅಂಗಡಿಯ ನ್ಯಾಯಬೆಲೆ ಕೊಳ್ಳುವವನಿಗಾಗಿ, ಇದು ಬೆಳೆಯುವವನಿಗಾಗಿ. ಇದನ್ನು ಪೇಟೆಯವರ ದಯೆಯೆಂದು ಬೆಳೆಗಾರ ಬಂಧುಗಳು ತಿಳಿಯಬೇಕಾಗಿಲ್ಲ. ಕೇಳಿ ಪಡೆದವರು ನಮ್ಮಂಥ ಸಣ್ಣ ಹಿಡುವಳಿದಾರರೇ.

ಮೆಕ್ಸಿಕೋ ದೇಶದ ದಕ್ಷಿಣದಲ್ಲಿ ವಹಾಕಾ ಎಂಬ ಬೆಟ್ಟಸೀಮೆಯಿದೆ. ಅಲ್ಲಿ ಸಪೋಟೆಕ್ ಮುಂತಾದ ಮೂಲನಿವಾಸಿ ಜನರು ಮರದ ನೆರಳಿನಲ್ಲಿ ಅರೇಬಿಕಾ ಬೆಳೆಯುತ್ತಾರೆ. ಸರಿಯಾದ ರಸ್ತೆಯಿಲ್ಲದ ಆ ಹಳ್ಳಿಗಳಿಗೆ ಕಾಫಿ ಕೊಳ್ಳಲು ಬರುತ್ತಿದ್ದವನು ದಲ್ಲಾಳಿ. ಅವನಿಗೆ ಜನರಿಟ್ಟ ಹೆಸರು ‘ಕೊಯೊಟೆ’. ಅದು ನಮ್ಮ ನರಿಯ ಬಳಗದ ಪ್ರಾಣಿ. ಕಷ್ಟಕಾಲಕ್ಕೆ ಮುಂಗಡ ಕೊಟ್ಟು, ಕೊಯ್ಲಿನಲ್ಲಿ ತನ್ನ ತಕ್ಕಡಿಯಲ್ಲೇ ತೂಗಿ, ತಾನು ಹೇಳಿದ ದರಕ್ಕೆ ಒಯ್ಯುವುದು ಅವನ ಕ್ರಮ. ಅಡಿಕೆ ಫಸಲನ್ನು ಚೇಣಿಗೆ ಕೊಟ್ಟು ಅನುಭವವಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1983ರಲ್ಲಿ ಈ ಹಳ್ಳಿಗಳವರು ಸೇರಿ ‘ಉಸೀರಿ’ ಎಂಬ ಸಂಘ ಕಟ್ಟಿದರು. ಹಾಲೆಂಡಿನಿಂದ ಬಂದು ಅಲ್ಲೇ ನೆಲೆಸಿದ್ದ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಅವರ ಜೊತೆಗಿದ್ದರು. ಸಂಘವೇ ಕಾಫಿ ಕೂಡಿಹಾಕಿ ನೇರವಾಗಿ ರಫ್ತು ಮಾಡತೊಡಗಿತು. ಊರಿಗೆ ಬಸ್ಸು, ಮಕ್ಕಳಿಗೆ ಕೃಷಿಶಾಲೆ, ಇವೂ ಸಂಘದಿಂದಲೇ ಬಂದವು. ದಾನ ಬೇಡ, ತಕ್ಕ ಬೆಲೆ ಕೊಡಿ ಎಂಬುದು ಸದಸ್ಯರ ನಿಲುವಾಗಿತ್ತು. ಅದನ್ನು ಹಿಡಿದು ವಾನ್ ಡರ್ ಹಾಫ್ ಮತ್ತು ನಿಕೊ ರೋಸನ್ ಇಬ್ಬರೂ 1988ರ ನವೆಂಬರಿನಲ್ಲಿ ಹಾಲೆಂಡಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಗುರುತಿನ ಕಾಫಿಯನ್ನು ಸಾಮಾನ್ಯ ಅಂಗಡಿಗಳಿಗೇ ತಂದರು. ಡಚ್ಚರ ಆಳ್ವಿಕೆಯಲ್ಲಿ ಜಾವಾದ ರೈತರು ಪಟ್ಟ ಪಾಡನ್ನು ಹೇಳಿದ 1860ರ ಕಾದಂಬರಿಯೊಂದರ ಹೆಸರದು.

ಮರುವರ್ಷ, 1989ರ ಜುಲೈಯಲ್ಲಿ, ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. ದರ ನೆಲ ಕಚ್ಚಿತು. 2001ರಲ್ಲಂತೂ ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ 50 ಸೆಂಟಿಗೂ ಕೆಳಗಿಳಿದಾಗ ಈ ಗುರುತಿನ ಕಾಫಿಗೆ 126 ಸೆಂಟು ಸಿಗುತ್ತಿತ್ತು. 2023ರ ಆಗಸ್ಟಿನಿಂದ ವಾಷ್ಡ್ ಅರೇಬಿಕಾಕ್ಕೆ ಕನಿಷ್ಠ ದರ 1 ಡಾಲರ್ 80 ಸೆಂಟು. ಪೇಟೆದರ ಅದಕ್ಕಿಂತ ಹೆಚ್ಚಿದ್ದರೆ ಪೇಟೆದರ. ಇದಲ್ಲದೆ ಪೌಂಡಿಗೆ 20 ಸೆಂಟು ಪ್ರೀಮಿಯಂ, ಅಂದರೆ 50 ಕಿಲೋ ಕ್ಲೀನ್ ಕಾಫಿಗೆ ಸುಮಾರು 22 ಡಾಲರ್. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಸದಸ್ಯರು ಸಭೆಯಲ್ಲಿ ನಿರ್ಧರಿಸಬೇಕು. ಆದರೆ ಈ ಹಣ ಬರುವುದು ಸಂಘಕ್ಕೆ, ರೈತನ ಕೈಗಲ್ಲ. ಸಂಸ್ಕರಣೆ, ಸಾಗಣೆ, ತಪಾಸಣೆಯ ಖರ್ಚು ಕಳೆದು ಉಳಿದದ್ದು ಅವನದು. ಲೆಕ್ಕಪತ್ರ ಸಡಿಲವಾದ ಸಂಘಕ್ಕೆ ಯಾವ ಗುರುತೂ ದಕ್ಕದು.

ಇನ್ನು ಊರಿನ ಹೆಸರಿನ ವಿಚಾರ. ಪೂಲ್ ಪದ್ಧತಿಯಿದ್ದ ಕಾಲದಲ್ಲಿ ನಮ್ಮೆಲ್ಲರ ಕಾಫಿ ಒಂದೇ ರಾಶಿಗೆ ಸೇರುತ್ತಿತ್ತು; ಯಾರ ತೋಟದ್ದೆಂದು ಕುಡಿಯುವವನಿಗೆ ತಿಳಿಯುತ್ತಿರಲಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಬಂತು. ಆದರೆ ಹಣ್ಣು ಆರಿಸುವುದರಿಂದ ಹಿಡಿದು ಕಣದಲ್ಲಿ, ಗೋದಾಮಿನಲ್ಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೂಡ ಸರಕನ್ನು ಬೇರೆಯಾಗಿಯೇ ಇಡದಿದ್ದರೆ ಆ ಹೆಸರು ಕಾಗದದಲ್ಲೇ ಉಳಿಯುತ್ತದೆ. ಐದು ಚೀಲದ ಬೆಳೆಗಾರ ಒಬ್ಬನೇ ಇದನ್ನು ಮಾಡಲಾರ. ಒಂದು ಹೋಬಳಿಯವರು ಕೂಡಿದರೆ ಆದೀತು.

ದರ ಬಿದ್ದಾಗ ಸಂಘ ಎಲ್ಲರಿಗೂ ಬೇಕು. ಏರಿದಾಗ ಕಷ್ಟ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ದರ 4 ಡಾಲರ್ ದಾಟಿತ್ತು. ಇಂಥ ಹೊತ್ತಿನಲ್ಲಿ ಕನಿಷ್ಠ ದರಕ್ಕೆ ಅರ್ಥವೇ ಇಲ್ಲ. ವ್ಯಾಪಾರಿ ನಗದು ಹಿಡಿದು ಮನೆ ಬಾಗಿಲಿಗೇ ಬರುತ್ತಾನೆ. ಮೊದಲೇ ಒಪ್ಪಂದ ಮಾಡಿಕೊಂಡ ಸಂಘಕ್ಕೆ ಸದಸ್ಯರ ಕಾಫಿ ಬಾರದಿದ್ದರೆ ಅದು ಮಾತು ತಪ್ಪಿದ ಸಂಘವಾಗುತ್ತದೆ.

ಸಂಘ ಕೇಳಿದರೆ ಒಪ್ಪಂದದ ಮೊತ್ತದಲ್ಲಿ ಶೇಕಡಾ 60ರವರೆಗೆ ಮುಂಗಡ ಒದಗಿಸಬೇಕೆಂದು ಫೇರ್‌ಟ್ರೇಡ್ ನಿಯಮವಿದೆ. ಮಳೆಗಾಲದಲ್ಲಿ ಗೊಬ್ಬರಕ್ಕೆ, ಶಾಲೆಯ ಫೀಸಿಗೆ ಕೈ ಚಾಚುವ ಸದಸ್ಯನಿಗೆ ಆ 20 ಸೆಂಟಿಗಿಂತ ಇದೇ ದೊಡ್ಡದೆಂದು ನಮ್ಮ ಎಣಿಕೆ.