ಕ್ರೇನು ಹೋಗಲಾರದ ಕಡೆ ಸೇತುವೆ

ಬೆಂಗಳೂರಿನ ಮೆಟ್ರೊ ಕಾಮಗಾರಿಗಳಲ್ಲಿ, ಯುದ್ಧದ ಟ್ಯಾಂಕಿನಂತೆ ಉಕ್ಕಿನ ಪಟ್ಟಿಗಳ ಮೇಲೆ ತೆವಳುವ ಎತ್ತರದ ಕ್ರೇನುಗಳನ್ನು ನೀವು ನೋಡಿರಬಹುದು. ಇವೇ ಕ್ರಾಲರ್ ಕ್ರೇನುಗಳು. ‘250 ಟನ್ ಕ್ರೇನು’ ಎಂದಾಕ್ಷಣ ಅದು ಎಷ್ಟು ದೂರಕ್ಕೆ ಬೇಕಾದರೂ ಅಷ್ಟು ತೂಕವನ್ನು ಚಾಚುತ್ತದೆ ಎಂದಲ್ಲ. ಹೊರೆ ಕ್ರೇನಿಗೆ ತೀರ ಹತ್ತಿರವಿದ್ದಾಗಿನ ಮಾತು ಅದು. ಕ್ರೇನನ್ನು ಉರುಳಿಸಲು ಯತ್ನಿಸುವುದು ಬರಿಯ ತೂಕವಲ್ಲ, ತೂಕ ಮತ್ತು ದೂರಗಳ ಗುಣಲಬ್ಧ. 5 ಮೀಟರ್ ದೂರದ 20 ಟನ್ನಿಗೂ 20 ಮೀಟರ್ ದೂರದ 5 ಟನ್ನಿಗೂ ಈ ಗುಣಲಬ್ಧ 100. ಆದ್ದರಿಂದ ಒಂದು ದಡದಲ್ಲಿ ನಿಂತು ನದಿಯ ಮೇಲೆ ಭಾರವಾದ ತೊಲೆ ಚಾಚಬೇಕಾದ ಕ್ರೇನು ದೈತ್ಯಗಾತ್ರದ್ದೇ ಆಗಬೇಕು. 250 ಟನ್ ವರ್ಗದ ಕ್ರೇನಿನ ಸ್ವಂತ ತೂಕವೇ ಸುಮಾರು 200 ಟನ್. ಅದನ್ನು ಬಿಚ್ಚಿ ಹಲವು ಟ್ರೈಲರುಗಳಲ್ಲಿ ಸಾಗಿಸಿ, ನೆಲ ಗಟ್ಟಿಮಾಡಿ, ಮತ್ತೆ ಜೋಡಿಸಬೇಕು. ಜೋಡಿಸಲು ಸಾಮಾನ್ಯವಾಗಿ ಇನ್ನೊಂದು ಕ್ರೇನು ಬೇಕು!

ಸೇತುವೆಯೇ ಕೊಚ್ಚಿಹೋದ ಬೆಟ್ಟದೂರಿನಲ್ಲಿ ಇಷ್ಟಕ್ಕೆಲ್ಲ ವ್ಯವಧಾನವೆಲ್ಲಿ? 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಿಂದ ಮುಂಡಕ್ಕೈಗೆ ಹೋಗುವ ಸೇತುವೆ ನಾಶವಾಯಿತು. ಆಚೆ ಮಣ್ಣಿನಡಿ ಸಿಕ್ಕಿದವರನ್ನು ಹುಡುಕಲು ಯಂತ್ರಗಳು ನದಿ ದಾಟಬೇಕಿತ್ತು. ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು, ಮೇಜರ್ ಸೀತಾ ಶೆಲ್ಕೆಯವರೂ ಇದ್ದ ತಂಡ, ಅಲ್ಲಿ 190 ಅಡಿ ಉದ್ದದ, 24 ಟನ್ ವರ್ಗದ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯ ಹೊತ್ತಿಗೆ ಕಟ್ಟಿ ಮುಗಿಸಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೈಲಿ ರೂಪಿಸಿದ ಸೇತುವೆ ಇದು. ಇದರ ಮೂಲ ಬಿಡಿಭಾಗ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರದ ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋಗ್ರಾಂ. ಆರು ಜನ ಹೊರಬಹುದು. ಚೌಕಟ್ಟಿಗೆ ಚೌಕಟ್ಟನ್ನು ಪಿನ್ನುಗಳಿಂದ ಬಂಧಿಸುತ್ತಾರೆ.

ಅದನ್ನು ಆಚೆ ದಡಕ್ಕೆ ಮುಟ್ಟಿಸುವುದು ಹೇಗೆ? ಅಳತೆಪಟ್ಟಿಯೊಂದನ್ನು ಮೇಜಿನ ಅಂಚಿನಾಚೆ ನಿಧಾನವಾಗಿ ತಳ್ಳಿ. ಅರ್ಧ ದಾಟಿದೊಡನೆ ಅದು ಬೀಳುತ್ತದೆ. ಸೇತುವೆಯೂ ಹಾಗೆಯೇ. ಅದಕ್ಕಾಗಿ ಅದರ ಮುಂದೆ ಹಗುರವಾದ ‘ಮೂಗು’ ಜೋಡಿಸಿ, ದಡದ ಉರುಳೆಗಳ ಮೇಲೆ ಇಡಿಯಾಗಿ ತಳ್ಳುತ್ತಾರೆ. 30 ಮೀಟರ್ ಅಗಲದ ಹಳ್ಳ, ಅಷ್ಟೇ ಉದ್ದದ, ಮೀಟರಿಗೆ 1 ಟನ್ ತೂಗುವ ಸೇತುವೆ, 20 ಮೀಟರ್ ಉದ್ದದ 6 ಟನ್ ಮೂಗು ಎಂದಿಟ್ಟುಕೊಳ್ಳಿ. ಮೂಗು ಆಚೆ ದಡ ಮುಟ್ಟುವಾಗ ಅದರ ಗುರುತ್ವ ಕೇಂದ್ರ ಈ ದಡದಿಂದ 20 ಮೀಟರ್ ದೂರದಲ್ಲಿರುತ್ತದೆ: 6×20=120. ಸೇತುವೆಯದೂ 10 ಮೀಟರ್ ಹೊರಗಿದೆ: 10×5=50. ಒಟ್ಟು 170. ದಡದ ಮೇಲೆ ಉಳಿದ ಭಾಗದ್ದು 20×10=200. ಸೇತುವೆ ಮಗುಚುವುದಿಲ್ಲ. ಮೂಗಿನ ತೂಕವನ್ನು 10 ಟನ್ ಮಾಡಿ ವಿದ್ಯಾರ್ಥಿಗಳಿಂದ ಲೆಕ್ಕ ಹಾಕಿಸಿ. ಫಲಿತಾಂಶ ಬೇರೆಯೇ ಬರುತ್ತದೆ.

ಸೇತುವೆ ದಡ ಸೇರಿದ ಮೇಲೆ ಮೂಗನ್ನು ಬಿಚ್ಚಿ, ಜ್ಯಾಕುಗಳಿಂದ ಸೇತುವೆಯನ್ನು ಆಧಾರದ ಮೇಲೆ ಇಳಿಸುತ್ತಾರೆ. ಚೂರಲ್‌ಮಲದಲ್ಲಿ ಅಂತರ ಹೆಚ್ಚಾಗಿದ್ದರಿಂದ ಹರಿಯುವ ನೀರಿನ ನಡುವೆ ಒಂದು ಕಂಬವನ್ನೂ ನಿಲ್ಲಿಸಬೇಕಾಯಿತು. ಆಮೇಲೆ ಸೇನೆಯ ವಾಹನ ದಾಟಿತು. ಹಿಂದೆಯೇ ಮಣ್ಣೆತ್ತುವ ಯಂತ್ರಗಳು ಮುಂಡಕ್ಕೈ ಸೇರಿದವು.