ದಾಂಪತ್ಯವು ಮುರಿಯುವ ಬಗೆ

ಗಂಡಹೆಂಡಿರ ವಿರಸವು ಲೋಕದಲ್ಲಿ ಹೊಸದಲ್ಲ. ಪರಸ್ಪರ ದ್ವೇಷವುಂಟಾದಲ್ಲಿ ದಂಪತಿಗಳಿಗೆ ಬಿಡುಗಡೆಯುಂಟೆಂದು ಕೌಟಿಲ್ಯನೇ ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಧರ್ಮವಿವಾಹಗಳಿಗೆ ಮಾತ್ರ ಆ ಮೋಕ್ಷವಿಲ್ಲವೆಂದೂ ಒಡನೆಯೇ ಹೇಳಿದ್ದಾನೆ. ಆದರೆ ದ್ವೇಷದ ಲೇಶವೂ ಇಲ್ಲದೆ, ಮದ್ಯದ ಹಾವಳಿಯಾಗಲಿ ವರದಕ್ಷಿಣೆಯ ಕಾಟವಾಗಲಿ ಇಲ್ಲದೆ, ಒಂದು ದಾಂಪತ್ಯವು ಮುರಿದುಬೀಳಬಹುದೆಂಬುದನ್ನು ನಾವು ತಲೆ ನರೆತ ಮೇಲೆ ಕಣ್ಣಾರೆ ಕಂಡೆವು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸುತ್ತೇವೆ. ಅವರ ಹೆಸರುಗಳನ್ನು ಹೇಳುವುದು ಉಚಿತವಲ್ಲ.

ಹುಡುಗನು ನಮ್ಮ ಶಿಷ್ಯನು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನು. ಹುಡುಗಿಯು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಉದ್ಯೋಗಸ್ಥಳು. ಅವರು ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಎರಡು ಮನೆಗಳ ಹಿರಿಯರನ್ನು ಒಡಂಬಡಿಸಲು ನಾವೇ ಓಡಾಡಿದೆವು. 2016ರಲ್ಲಿ ವಿವಾಹವು ನೆರವೇರಿತು. ದಾಸರಹಳ್ಳಿಯ ಬಳಿ ಸಾಲ ಮಾಡಿ ಮನೆಯನ್ನೂ ಕೊಂಡರು. ಕಂತು ಕಟ್ಟಲು ಇಬ್ಬರ ಸಂಬಳವೂ ಬೇಕಾಗಿತ್ತು.

ಇನ್ನು ಅವರ ದಿನಚರಿಯನ್ನು ನೋಡಿರಿ. ಅಮೆರಿಕದವರಿಗೆ ಹಗಲಾದಾಗ ನಮಗೆ ಇರುಳು. ಅಲ್ಲಿಯ ಕೆಲಸಕ್ಕೆ ಹೊಂದಿಕೊಂಡು ಆಕೆಯ ಕಚೇರಿಯು ಮಧ್ಯಾಹ್ನ 2ಕ್ಕೆ ಮೊದಲಾಗಿ ರಾತ್ರಿ 11ಕ್ಕೆ ಮುಗಿಯುವುದು. ಊರಿನ ವಾಯವ್ಯದಿಂದ ಪೂರ್ವದ ತುದಿಗೆ ಹೋಗಬೇಕಾದುದರಿಂದ ಮಧ್ಯಾಹ್ನ 12ಕ್ಕೇ ಕಂಪೆನಿಯ ಕಾರು ಬರುವುದು. ಮರಳಿ ಮನೆ ಸೇರುವಾಗ ರಾತ್ರಿ 1 ಗಂಟೆ. ಆತನಿಗೋ ವಾರಕ್ಕೊಂದು ಪಾಳಿ. ಬೆಳಗಿನ 6ರ ಪಾಳಿಯಾದರೆ ಆಕೆ ಮಲಗಿರುವಾಗಲೇ ಹೊರಡುವನು. ಆತನು ಬರುವಾಗ ಆಕೆ ಇಲ್ಲ. ರಾತ್ರಿಯ ಪಾಳಿಯಾದರೆ ಬೆಳಗ್ಗೆ ಬಂದು ನಿದ್ದೆಗೆ ಬೀಳುವನು. ಮಧ್ಯಾಹ್ನದ ಪಾಳಿಯ ವಾರದಲ್ಲಿ ಮಾತ್ರ ಬೆಳಗಿನ ನಾಲ್ಕು ಗಳಿಗೆ ಇಬ್ಬರೂ ಎಚ್ಚರವಾಗಿ ಒಂದೆಡೆ ಇರುವರು. ಆಕೆಗೆ ಶನಿವಾರ ಭಾನುವಾರ ರಜೆ. ಆತನಿಗೆ ಭಾನುವಾರವೊಂದೇ, ಅದೂ ಹೆಚ್ಚಿನ ದುಡಿಮೆ ಒದಗದಿದ್ದರೆ.

ಮೊದಮೊದಲು ಅವರು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಿದ್ದರು. ನಾವು ಒಮ್ಮೆ ಹೋದಾಗ ಆಕೆಯು ನಾಚಿಕೊಂಡು ಅದನ್ನು ಸೆರಗಿನಿಂದ ಮರೆಮಾಡಿದ್ದುಂಟು. ಎರಡು ವರ್ಷಗಳ ತರುವಾಯ ಹೋದಾಗ ಅಲ್ಲಿ ಚೀಟಿಗಳೇನೋ ಇದ್ದುವು. ‘ಗ್ಯಾಸ್ ತೀರಿದೆ’, ‘ಹಾಲಿನವರಿಗೆ ಕೊಡಬೇಕು’, ‘ಕಂತು ಕಟ್ಟಿದೆ’ ಎಂದಷ್ಟೇ ಬರೆದಿತ್ತು. ಅವನ್ನು ಯಾರೂ ಮರೆಮಾಡಲಿಲ್ಲ.

2020ರ ಲಾಕ್‌ಡೌನಿನಲ್ಲಿ ಕಾರ್ಖಾನೆಯು ಕೆಲವು ಕಾಲ ಮುಚ್ಚಿತು. ಆಕೆಯ ಕೆಲಸವು ಮನೆಗೇ ಬಂದಿತು. ಇನ್ನಾದರೂ ಸರಿಹೋದೀತೆಂದು ನಾವು ಹಿಗ್ಗಿದೆವು. ಆದುದು ಬೇರೆ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವರಿಗೆ ಕೂತು ಆಡಲು ಮಾತೇ ಇರಲಿಲ್ಲ.

ಹುಡುಗನ ತಂದೆಯು ನಮ್ಮನ್ನು ಸಂಧಾನಕ್ಕೆ ಕರೆದರು. ನಾವು ಆಕೆಯನ್ನು ಕೂರಿಸಿಕೊಂಡು, “ನೋಡಮ್ಮಾ, ಸಂಸಾರಕ್ಕಿಂತ ಕೆಲಸ ದೊಡ್ಡದಲ್ಲ, ಸ್ವಲ್ಪ ಕಾಲ ಬಿಟ್ಟುಬಿಡು” ಎಂದೆವು.

ಆಕೆಯು ಸಿಟ್ಟಾಗಲಿಲ್ಲ. “ಮೇಷ್ಟ್ರೇ, ಈ ಮಾತನ್ನು ಅವರಿಗೂ ಹೇಳಿದಿರಾ?” ಎಂದು ಕೇಳಿದಳು.

ನಾವು ಹೇಳಿರಲಿಲ್ಲ. ಹೇಳಬೇಕೆಂದು ತೋರಿಯೂ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನ್ಯಾಯ ಹೇಳಿದ ನಮಗೆ ಅಂದು ಉತ್ತರವೊದಗಲಿಲ್ಲ. ಅಂದಿನಿಂದ ಆಕೆಯು ನಮ್ಮಲ್ಲಿ ಮನಸ್ಸು ಬಿಚ್ಚಲಿಲ್ಲ. ಅದು ನಮ್ಮದೇ ಅಪರಾಧವು.

ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಅವರೊಡನೆ ನಾವೂ ಹೋದೆವು. ಹಿಂದೂ ವಿವಾಹದ ಕಾನೂನು 1955ರದು. ಇಬ್ಬರೂ ಒಪ್ಪಿ ಬಿಡುಗಡೆ ಬೇಡುವ ವಿಧಿಯು ಅದಕ್ಕೆ ಸೇರಿದ್ದು 1976ರಲ್ಲಿ. ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು. ಅರ್ಜಿಯಿತ್ತ ಬಳಿಕ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಈ ಅವಧಿಯನ್ನು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಸಾಧ್ಯವಾದಲ್ಲೆಲ್ಲ ಮೊದಲು ರಾಜಿಗೆ ಯತ್ನಿಸುವುದು ಕುಟುಂಬ ನ್ಯಾಯಾಲಯದ ಕರ್ತವ್ಯವೆಂದು 1984ರ ಕಾನೂನೇ ಹೇಳುತ್ತದೆ. ಇವರ ವಿಷಯದಲ್ಲಿಯೂ ಯತ್ನವು ನಡೆಯಿತು. ಕೂಡಿಸಲು ಜಗಳವಿದ್ದರೆ ತಾನೆ! 2022ರಲ್ಲಿ ಇಬ್ಬರೂ ರುಜು ಹಾಕಿದರು. ಹೊರಗೆ ಬಂದು ಆತನು, “ಊಟ ಮಾಡಿದೆಯಾ?” ಎಂದು ಕೇಳಿದನು. ಆಕೆಯ ಕಣ್ಣುಗಳು ತುಂಬಿದುವು. ಆಮೇಲೆ ಬೇರೆ ಬೇರೆ ಆಟೋ ಹತ್ತಿದರು.

ಮರುವರ್ಷ, 2023ರಲ್ಲಿ, ಮೆಟ್ರೋ ವೈಟ್‌ಫೀಲ್ಡಿನವರೆಗೆ ಪೂರ್ಣವಾಯಿತು. ಈಗ ಪೀಣ್ಯದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಾಯಿಸಿದರೆ ಅಲ್ಲಿಗೆ ತಲಪಬಹುದು. ಅದರಿಂದ ಅವರು ಉಳಿಯುತ್ತಿದ್ದರೆಂದು ನಾವು ಹೇಳಲಾರೆವು. ಆದರೂ ಆ ಗಾಡಿಯಲ್ಲಿ ಕುಳಿತಾಗಲೆಲ್ಲ ಅವರ ನೆನಪಾಗುತ್ತದೆ.

ಸಪ್ತಪದಿಯಲ್ಲಿ ಏಳನೆಯ ಹೆಜ್ಜೆಯು ಸಖ್ಯಕ್ಕಾಗಿ ಇಡುವಂಥದು. ಆ ವಿಧಿಯುಳ್ಳವರಿಗೆ ಏಳನೆಯ ಹೆಜ್ಜೆಯಿಂದಲೇ ವಿವಾಹವು ಪೂರ್ಣವೆಂದು ಇಂದಿನ ಕಾನೂನೂ ಒಪ್ಪಿದೆ. ದಂಪತೀ ಎಂಬುದು ಸಂಸ್ಕೃತದಲ್ಲಿ ದ್ವಿವಚನ. ಮನೆಗೆ ಒಡೆಯರು ಇಬ್ಬರು. ಆದುದರಿಂದ ಹೆಣ್ಣುಗಂಡುಗಳನ್ನು ಹೆತ್ತವರು ಜಾತಕದೊಡನೆ ಪಾಳಿಯ ವೇಳೆಯನ್ನೂ ಕೂಡಿಸಿ ನೋಡುವುದು ಒಳ್ಳೆಯದು. ಎರಡು ಸಂಬಳ ತಿನ್ನುವ ಮನೆಗಿಂತ ಒಂದು ಹೊತ್ತಿನ ಜೊತೆಯೂಟ ಕೊಡುವ ಬಾಡಿಗೆಮನೆ ಮೇಲು. ಬಿಟ್ಟುಕೊಡುವ ಮಾತು ಬಂದಾಗ ಇಬ್ಬರನ್ನೂ ಕೇಳತಕ್ಕದ್ದು. ನಾವು ಒಬ್ಬಳನ್ನೇ ಕೇಳಿದೆವು. ಮಿಕ್ಕವರು ಹಾಗೆ ಮಾಡದಿರಲಿ ಎಂದೇ ಇಷ್ಟನ್ನು ಬರೆದೆವು.